ಬಾಗಿಲಿಗೆ ಅಡ್ಡ ನಿಂತ ಲಕ್ಕವ್ವ

"ಆ ಸೂಳಿಮಗ ಚಂದ್ರಾಮ ಕುಡದು ಬಾವ್ಯಾಗ ಬಿದ್ದು ಸತ್ತಾನ. ಅದಕ್ಕೊಂದು ಖೂನಿ ಕೇಸು ಮಾಡೀರಲ್ರಿ," ಎಂದು ಗೌಡರ ವಕೀಲ ಬಸಂತರಾಯ ಭಜಿ ಮುರಿಯುತ್ತ ಹೋಟೆಲಿಗೆಲ್ಲ ಕೇಳುವಂತೆ ಹೇಳಿದ.

ಸಿಂದಗಿ ಬಸ್ ಸ್ಟ್ಯಾಂಡಿನ ಎದುರಿನ ಆ ಹೋಟೆಲಿನ ಹೊರಗೆ ಚಂದ್ರಾಮನ ಹೆಂಡತಿ ಲಕ್ಕವ್ವ ಕೂತಿದ್ದಳು. ಗೋಡೆಯ ಮೊಳೆಗೆ ನೇತುಹಾಕಿದ್ದ, ಕೇರಿಯವರಿಗೆಂದೇ ಇಟ್ಟ ಕಪ್ಪನ್ನು ತಾನೇ ತೊಳೆದುಕೊಂಡಿದ್ದಳು. ಮಾಲೀಕ ರಾಚಪ್ಪ ಕೆಟಲಿ ಎತ್ತರಕ್ಕೆ ಹಿಡಿದು, ಎಲ್ಲೂ ತಾಗದಂತೆ ಚಹಾ ಸುರಿದು ಹೋಗಿದ್ದ. ಉಳುತ್ತಿದ್ದ ಗೌಡನ ಹೊಲ ತನಗೆ ಸೇರಬೇಕೆಂದು ಅರ್ಜಿ ಹಾಕಿದ ತಪ್ಪಿಗೆ ಚಂದ್ರಾಮನನ್ನು ಗೌಡ ಕಡಿಸಿಹಾಕಿದ್ದ. ಹೊರಗೆ ಕೂತವರಿಗೂ ಕಿವಿ ಇರುತ್ತವೆಂದು ಒಳಗಿನ ದೊಡ್ಡ ಮನುಷ್ಯರಿಗೆ ಹೊಳೆಯುವುದೇ ಇಲ್ಲ.

ಬಸಂತರಾಯನ ಎದುರಿಗೆ ಕೂತಿದ್ದ ಸರಕಾರಿ ವಕೀಲನಿಗೆ ರೋಷ ಬಂತು. ಬಿಜಾಪುರದ ಕೋರ್ಟಿನಲ್ಲಿ ವಿಚಾರಣೆ ಇನ್ನೂ ಶುರುವಾಗಿರಲಿಲ್ಲ. ಅವನು ಚಹಾ ಕುಡಿಯುತ್ತ ಇಲ್ಲಿಯೇ ಶುರು ಮಾಡಿದ. ತಲೆ ಎಲ್ಲಿ ಒಡೆದಿತ್ತು, ಮಿದುಳು ಎಷ್ಟು ಹೊರಗೆ ಬಂದಿತ್ತು, ಕೊಡಲಿ ಯಾರ ಬಣವೆಯಲ್ಲಿ ಸಿಕ್ಕಿತು, ಎಲ್ಲ ಬಿಚ್ಚಿಟ್ಟ. ಕೇಳಿದವರು ಯಾರೂ ಭಜಿ ತಿನ್ನುವುದನ್ನು ನಿಲ್ಲಿಸಲಿಲ್ಲ. ಲಕ್ಕವ್ವ ತನ್ನ ಸೆರಗು ಹರಿದು ಕಟ್ಟಿದ್ದ ತಲೆ ಅದು.

"ಸಾಕ್ಷಿ ಇಲ್ಲಂತ ತಿಳದೀರೇನ್ರಿ? ಕಣ್ಣಾರೆ ಕಂಡಾಕಿ ಅದಾಳ. ಬಳಿ ಮಾರೂ ಜನ್ನತಬಿ," ಎಂದುಬಿಟ್ಟ ಸರಕಾರಿ ವಕೀಲ.

ಆ ಹೆಸರನ್ನು ಲಕ್ಕವ್ವ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ವಕೀಲನಿಗೆ ಹೇಳಿಕೆ ಕೊಡಲು ಇಬ್ಬರೂ ಗುರುತೇ ಇಲ್ಲದವರಂತೆ ಬೇರೆ ಬೇರೆ ಬಂದಿದ್ದರು. ಜನ್ನತಬಿ ಈಗ ಎದುರಿನ ಬಸ್ ಸ್ಟ್ಯಾಂಡಿನಲ್ಲೇ, ಬಳೆಯ ಬುಟ್ಟಿ ಇಟ್ಟುಕೊಂಡು ಊರಿನ ಬಸ್ಸಿಗೆ ಕಾಯುತ್ತಿದ್ದಳು. ಮೂಲೆಯಲ್ಲಿದ್ದ ಗೌಡನ ಬಂಟ ಮಡಿವಾಳಪ್ಪ ಚಹಾ ಅರ್ಧಕ್ಕೇ ಬಿಟ್ಟು ಎದ್ದ.

ಲಕ್ಕವ್ವ ಅವನಿಗಿಂತ ಮೊದಲು ಬಾಗಿಲಿಗೆ ಹಾರಿ, ಎರಡೂ ಕೈ ಚಾಚಿ ಚೌಕಟ್ಟು ಹಿಡಿದು ನಿಂತಳು. ಹೋಟೆಲಿಗೆ ಇದ್ದದ್ದು ಅದೊಂದೇ ಬಾಗಿಲು.

"ಜನ್ನತಬಿ, ನಿನ್ನ ಹೆಸರ ಹೇಳಿಬಿಟ್ರವಾ. ಊರಿಗಿ ಹೋಗಬ್ಯಾಡ. ಯಾವ ಬಸ್ ಮೊದಲ ಬಿಡತೈತಿ ಅದನ್ನ ಹತ್ತು," ಎಂದು ಕತ್ತು ಹೊರಳಿಸಿ ಕೂಗಿದಳು.

"ಆಚಿಗಿ ಸರಿ, ರಂಡಿ," ಎಂದ ಮಡಿವಾಳಪ್ಪ, ಒಂದು ಮಾರು ದೂರದಲ್ಲೇ ನಿಂತು.

"ಮುಟ್ಟಿ ಸರಸು."

ಎತ್ತಿದ ಕೈ ಅಲ್ಲೇ ನಿಂತಿತು. ಇಷ್ಟು ಜನರೆದುರು ಅವಳನ್ನು ಮುಟ್ಟುವ ಗಂಡಸು ಒಳಗೆ ಒಬ್ಬನೂ ಇರಲಿಲ್ಲ. ವಕೀಲರಿಬ್ಬರೂ ಕಾಲು ಹಿಂದೆಳೆದುಕೊಂಡು ಕೂತರು.

"ನನ್ನ ಗಂಡನ್ನ ಹೊತ್ತು ಬಾವಿಗಿ ಒಗಿಯೂ ಮುಂದ ಮೈಲಿಗಿ ಆಗಲಿಲ್ಲೇನು, ಭಾಡಕೋ?"

ಮುಟ್ಟದೆ ಕೆಲಸ ಮಾಡುವುದು ರಾಚಪ್ಪನಿಗೆ ಗೊತ್ತಿತ್ತು. ಒಲೆಯ ಮೇಲಿನ ಕೆಟಲಿ ಎತ್ತಿ, ಕುದಿಯುವ ಚಹಾವನ್ನು ದೂರದಿಂದಲೇ ಅವಳ ಎದೆಗೆ ಎರಚಿದ.

ಬೆನ್ನ ಹಿಂದೆ ಬಸ್ಸೊಂದು ಹೊರಟ ಸದ್ದು ಕೇಳಿಸಿತು. ಜನ್ನತಬಿ ಅದರಲ್ಲಿದ್ದಾಳೋ ಇಲ್ಲವೋ ತಿರುಗಿ ನೋಡುವ ಹಾಗಿರಲಿಲ್ಲ. ಲಕ್ಕವ್ವ ಚೌಕಟ್ಟು ಬಿಡಲಿಲ್ಲ. ರಾಚಪ್ಪ ಕುದಿಯುವ ಹಾಲಿನ ಪಾತ್ರೆಗೆ ಕೈ ಹಾಕಿದ.