ಬಾಣಂತಿಗೆ ಹೇಳಿದ ಸುಳ್ಳು

ವಡೋದರಾದ ಉಡುಪಿ ಹೋಟೆಲುಗಳ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ, ಶರತ್ ಶೆಟ್ಟಿಯ ಸಾಂಬಾರಿಗೆ ಬೆಲ್ಲ ಬೀಳದೆ ಹೋದ ದಿನಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಡಬೇಕು. ಆ ಊರಿನ ನಾಲಿಗೆ ಸಿಹಿ ಸಾಂಬಾರಿಗೆ ಒಗ್ಗಿದ್ದು. ಕೊಯಾಲಿಯ ರಿಫೈನರಿಯಿಂದ ಬರುವ ಗಿರಾಕಿಗಳು ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಒಬ್ಬರಂತೂ ಇದು ಯಾವ ಕಾಯಿಲೆಗೆ ಔಷಧ ಎಂದು ವಿಚಾರಿಸಿದರು. ಬೆಳಿಗ್ಗೆ ರುಚಿ ನೋಡಿ ಬೆಲ್ಲ ಹಾಕಿಸುವುದು ಶರತ್‌ನ ಕೆಲಸ. ಅವನು ನೋಡಿಯೂ ಇದ್ದ. ನಾಲಿಗೆಗೆ ಏನೂ ತಿಳಿದಿರಲಿಲ್ಲ.

ಅವನ ಮಗಳು ದಿನ ತುಂಬುವ ಮೊದಲೇ ಹುಟ್ಟಿ, ಆಸ್ಪತ್ರೆಯ ನವಜಾತ ಶಿಶುಗಳ ಐಸಿಯುನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿದ್ದಳು. ಮೊದಲ ದಿನ ಶರತ್ ಒಳಗೆ ಹೋಗಿದ್ದ. ಅಂಗೈಯಗಲದ ಎದೆ, ಅದರ ತುಂಬ ವೈರು. ನೋಡುತ್ತಿದ್ದಂತೆ ಯಂತ್ರವೊಂದು ಕಿರುಚಿತು. ನರ್ಸ್ ಒಳಗೆ ಓಡಿ ಬಂದಳು, ಇವನು ಹೊರಗೆ ಓಡಿದ. ಆಮೇಲೆ ದಿನವೂ ಬಾಗಿಲ ತನಕ ಹೋಗಿ, ಗಾಜಿನಲ್ಲಿ ಇಣುಕಿ ಹಿಂತಿರುಗುತ್ತಿದ್ದ. ಫೋನ್ ಹೊಡೆದುಕೊಂಡರೆ ಆಸ್ಪತ್ರೆಯದೇ ಎಂದುಕೊಳ್ಳುತ್ತಿದ್ದ. ಎತ್ತಿದರೆ ಕುಂದಾಪುರದ ಚಿಕ್ಕಪ್ಪ. ಮಗು ಯಾರ ಹಾಗುಂಟು ಎಂದು ಕೇಳುವುದಕ್ಕೆ.

ಅವನ ತಾಯಿ ಸುಶೀಲಮ್ಮ, ಅಮೆ ಕಳೆಯುವ ತನಕ, ಅಂದರೆ ಹೆರಿಗೆಯ ಸೂತಕ ಮುಗಿಯುವ ತನಕ, ಮಗುವನ್ನು ಯಾರೂ ಮುಟ್ಟುವುದು ಬೇಡ ಎಂದಿದ್ದರು. ಬಾಣಂತಿ ಹೊರಗೆ ಕಾಲಿಡಬಾರದು. ಸತ್ಯ ಹೇಳಿದರೆ ಅವಳ ಹಾಲು ಬತ್ತುತ್ತದೆ. ಶರತ್‌ನ ಹೆದರಿಕೆಗೆ ಶಾಸ್ತ್ರದ ಆಧಾರ ಸಿಕ್ಕಿತು. ಆಪರೇಷನ್ ಆಗಿ ಮನೆ ಸೇರಿದ್ದ ಹೆಂಡತಿ ಅರ್ಪಿತಾಗೆ ಪ್ರತಿ ಸಂಜೆ ಒಂದೇ ವರದಿ: ಆರಾಮ ಉಂಟು, ಇವತ್ತು ನಾಳೆಯಲ್ಲಿ ಬಿಡ್ತಾರೆ. ಸತ್ಯ ಹೇಳದೆಯೇ ಅವಳ ಹಾಲು ಕಡಿಮೆಯಾಗುತ್ತಿತ್ತು.

ಬೆಲ್ಲವಿಲ್ಲದ ಸಾಂಬಾರನ್ನು ಖುಷಿಯಿಂದ ತಿಂದವರು ವಿಂಧ್ಯಾ ಒಬ್ಬರೇ. ಹುಬ್ಬಳ್ಳಿಯವರು, ಬ್ಯಾಂಕಿನವರು, ಸೂರತ್‌ನಿಂದ ವರ್ಗವಾಗಿ ಬಂದವರು. ಗಲ್ಲಾದ ಬಳಿ ನಿಂತು ಮಗುವನ್ನು ವಿಚಾರಿಸಿದರು. ಶರತ್ ತನ್ನ ವರದಿ ಒಪ್ಪಿಸಿದ.

“ಆರಾಮ ಅಂತ ಯಾರಿಗೆ ಹೇಳಾಕತ್ತೀರಿ ಅಣ್ಣಾರ? ನಮ್ಮ ಮಗ ಕಿಶೋರನೂ ಸೂರತ್‌ನಾಗ ಅಂಥಾ ಪೆಟ್ಟಿಗ್ಯಾಗ ಇದ್ದ. ನಮ್ಮನಿಯವರೂ ಹಿಂಗ ಆರಾಮ ಅಂತ ಹೇಳ್ಕೋತ ಬಾಗಿಲ ಕಾಯ್ತಿದ್ರು, ವಾಚ್‌ಮನ್ ಹಂಗ. ಕೂಸಿನ ಕೈ ಹಿಡಿದೀರೇನು?”

ನಂಜು ತಗಲಿಸಿಬಿಡುತ್ತೇನೆಂದು ಭಯ ಎಂದ ಶರತ್. ಕೈ ತೊಳೆದು ಒಳಗೆ ಹೋಗಲು ಅವರೇ ಹೇಳಿಕೊಡುತ್ತಾರೆ ಎಂದರು ವಿಂಧ್ಯಾ. ಯಂತ್ರ ಕೂಗಿದರೆ ಓಡಬಾರದು, ಏಕೆ ಕೂಗಿತೆಂದು ಕೇಳಬೇಕು. ಊರಿನ ಫೋನುಗಳನ್ನು ಯಾರಾದರೊಬ್ಬ ನೆಂಟರಿಗೆ ವಹಿಸಿಬಿಡಬೇಕು. ಮತ್ತೆ, ಮನೆಯಲ್ಲಿ ನಿಜ ಹೇಳಬೇಕು.

“ಹೇಳಿದ್ರೆ ಅವಳು ತಡ್ಕೊಳ್ಳುವುದಿಲ್ಲ,” ಎಂದ.

“ಹೇಳದಿದ್ರ ತಡಕೊಂಡಾಳ?”

ಆ ಸಂಜೆ ಶರತ್ ಬಾಯಿ ತೆರೆಯುವ ಮೊದಲೇ ಅರ್ಪಿತಾ ಕೇಳಿದಳು. ದನಿಯಲ್ಲಿ ಅಳುವಿರಲಿಲ್ಲ, ಅದೇ ಅವನನ್ನು ಹೆದರಿಸಿತು.

“ನಾನೂ ಗಲ್ಲಾದಲ್ಲಿ ಕೂತವಳು. ಗಿರಾಕಿಗೆ ನೀವು ‘ಈಗ ಬಂತು’ ಅಂದ್ರೆ ದೋಸೆ ಇನ್ನೂ ಕಾವಲಿಗೆ ಹೋಗ್ಲಿಲ್ಲ ಅಂತ ಅರ್ಥ. ಮಗು ಉಂಟಾ, ಇಲ್ವಾ? ಅಷ್ಟು ಹೇಳಿ.”

ಇಷ್ಟು ದಿನ ಅವಳು ಮಗು ಸತ್ತಿದೆ ಎಂದೇ ತಿಳಿದು, ಹಾಕಿದ್ದನ್ನು ಉಂಡು, ಗೋಡೆಗೆ ಮುಖ ಮಾಡಿ ಮಲಗಿದ್ದಳು. ಶರತ್ ಎಲ್ಲವನ್ನೂ ಹೇಳಿದ. ಉಸಿರು ಆಗಾಗ ನಿಲ್ಲುತ್ತದೆ, ಡಾಕ್ಟರು ಭರವಸೆ ಕೊಟ್ಟಿಲ್ಲ, ಮೊದಲ ದಿನದ ಮೇಲೆ ತಾನು ಒಳಗೆ ಹೋಗಿಲ್ಲ. ಅರ್ಪಿತಾ ಎದ್ದು ಶಾಲು ಹುಡುಕಿದಳು. ಸುಶೀಲಮ್ಮ ಬಾಗಿಲಿಗೆ ಬಂದು ಅಮೆಯ ಮಾತೆತ್ತಿದರು.

“ಅಮೆ ನನಗೂ ಉಂಟು, ಅದಕ್ಕೂ ಉಂಟು ಅತ್ತೆ. ಇಬ್ಬರೂ ಒಟ್ಟಿಗೆ ಇರ್ತೇವೆ.”

ಸುಶೀಲಮ್ಮ ತಾವೂ ಚಪ್ಪಲಿ ಮೆಟ್ಟಿ ಆಟೋ ಹತ್ತಿದರು.

ಐಸಿಯುನ ಡಾಕ್ಟರಮ್ಮ ಮೂವರನ್ನೂ ಕೂರಿಸಿ ಹಿಂದಿಯಲ್ಲಿ ನಿಧಾನವಾಗಿ ತಿಳಿಸಿದರು. ಯಂತ್ರ ಕೂಗಿದಾಗಲೆಲ್ಲ ಅಪಾಯ ಎಂದಲ್ಲ, ಎಷ್ಟೋ ಸಲ ವೈರು ಜಾರಿದ್ದಕ್ಕೂ ಕೂಗುತ್ತದೆ. ಮಗುವಿಗೆ ತಾಯಿಯ ಹಾಲು ಬೇಕು, ಹಿಂಡಿ ಕೊಟ್ಟರೆ ನಳಿಕೆಯಲ್ಲಿ ಕುಡಿಸುತ್ತೇವೆ. ಸ್ಥಿತಿ ಒಪ್ಪಿದ ದಿನ ಮಗುವನ್ನು ಅಪ್ಪ ಅಮ್ಮನ ಬರಿಯ ಎದೆಗೆ ಒರಗಿಸಿ ಮಲಗಿಸುತ್ತೇವೆ. ಅದು ಮಗುವಿಗೂ ಒಳ್ಳೆಯದು, ಹೆತ್ತವರಿಗೂ. ಇದಕ್ಕೆ ಸೂತಕ ಅಡ್ಡಿಯೇ ಎಂದು ಸುಶೀಲಮ್ಮ ಕೇಳಿದರು. ತೊಳೆಯದ ಕೈ ಅಡ್ಡಿ ಎಂದರು ಡಾಕ್ಟರಮ್ಮ. ಸುಶೀಲಮ್ಮ ಎದ್ದು ಹೋಗಿ, ಸೊಸೆಗಿಂತ ಮೊದಲು, ಮೊಣಕೈ ತನಕ ತೊಳೆದುಕೊಂಡು ಬಂದರು.

ಕೆಲವು ದಿನಗಳ ಮೇಲೆ ಶರತ್ ಅಂಗಿ ಬಿಚ್ಚಿ ಕುರ್ಚಿಯಲ್ಲಿ ಕೂತ. ನರ್ಸ್ ಮಗುವನ್ನು ಅವನೆದೆಯ ಮೇಲಿಟ್ಟಳು. ಬೆಕ್ಕಿನ ಮರಿಯಷ್ಟು ಭಾರ. ಯಂತ್ರ ಕಿರುಚಿತು. ಅವನ ಕಾಲು ಓಡಲು ಸಿದ್ಧವಾಯಿತು; ಎದೆಯ ಮೇಲೆ ಮಗುವಿತ್ತು. “ಸಿಸ್ಟರ್, ಇದು ಯಾಕೆ?” ಎಂದು ಕೇಳಿದ. ಉಸಿರು ಮರೆತಿದ್ದಾಳೆ ಎಂದು ನರ್ಸ್ ಪಾದ ಸವರಿದಳು. ಪುಟ್ಟ ಬೆನ್ನು ಅಲುಗಿತು. ಭಯ ಹೋಗಲಿಲ್ಲ, ಆದರೆ ಅದರ ಜೊತೆ ಕೂರಲು ಅವನಿಗೆ ಬಂತು.

ಓದುವವರೇ, ನಿಮ್ಮ ಮನೆಯ ಕೂಸು ಅಂಥ ಕೋಣೆಯಲ್ಲಿದ್ದರೆ ಬಾಗಿಲಲ್ಲಿ ನಿಲ್ಲಬೇಡಿ. ಕೈ ತೊಳೆದು ಒಳಗೆ ಹೋಗಿ, ಅರ್ಥವಾಗದ್ದನ್ನು ಎರಡು ಸಲ ಕೇಳಿ. ತಾಯಿಗೆ ಸುಳ್ಳು ಹೇಳಬೇಡಿ. ನಿಜಕ್ಕಿಂತ ಭಯಂಕರವಾದದ್ದನ್ನು ಅವಳು ಒಬ್ಬಳೇ ಊಹಿಸಿಕೊಳ್ಳುತ್ತಾಳೆ. ಸರದಿಯಲ್ಲಿ ಊಟ ಮಾಡಿ, ನಿದ್ದೆ ಮಾಡಿ. ನಿದ್ದೆಯೇ ಬಾರದಿದ್ದರೆ, ಅಳು ನಿಲ್ಲದಿದ್ದರೆ, ಮಗುವಿನ ಡಾಕ್ಟರಿಗೇ ಅದನ್ನೂ ಹೇಳಿ.

ಶರತ್ ಮತ್ತು ಅರ್ಪಿತಾರ ಮಗಳು ನವರಾತ್ರಿ ಕಳೆದ ಮೇಲೆ ಮನೆಗೆ ಬಂದಳು.