ಗುರುತಿಲ್ಲದ ಗುಡ್ಡ

ಆಯುಕ್ತರ ಕೊಠಡಿಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಅವರ ಮೇಜಿಗಷ್ಟೇ. ಅತ್ತೆ ಮತ್ತು ನಾನು ಹಿಂದಿನ ಬೆಂಚಿನಲ್ಲಿದ್ದೆವು. ನಮ್ಮ ಗುಡ್ಡ ಸ್ಮಶಾನ ಹೌದೋ ಅಲ್ಲವೋ ಎಂದು ಅವತ್ತು ತೀರ್ಮಾನವಾಗಬೇಕಿತ್ತು. ಹೌದಾದರೆ ಕಲ್ಲುಗಣಿ ಕಂಪನಿ ಅದನ್ನು ಮುಟ್ಟುವಂತಿಲ್ಲ. ಅಲ್ಲವಾದರೆ ಸಂಜೆಗೆ ತಡೆಯಾಜ್ಞೆ ಮುಗಿಯುತ್ತದೆ. ಯಂತ್ರಗಳು ಆಗಲೇ ಬುಡದಲ್ಲಿ ಬಂದು ನಿಂತಿದ್ದವು.

"ಒಂದು ಗೋರಿ ಇಲ್ಲ, ನೆಟ್ಟ ಕಲ್ಲಿಲ್ಲ," ಎಂದರು ಕಂಪನಿಯ ವಕೀಲರು. "ಹೋಗಿ ನೋಡಿದ್ರೆ ಬರೀ ಹುಲ್ಲು ಸ್ವಾಮಿ."

ಹುಲ್ಲೇ ಇರಬೇಕು. ನಮ್ಮವರು ಹೂಳುವಾಗ ಹುಲ್ಲುಸಹಿತ ಕೆತ್ತಿ ತೆಗೆದ ಹೆಂಟೆಗಳನ್ನು ಕೊನೆಗೆ ಮೊದಲಿದ್ದ ಹಾಗೆಯೇ ಕೂರಿಸುತ್ತಾರೆ. ಎರಡು ಮಳೆಗಾಲ ಕಳೆದರೆ ಹೂಳಿದವರಿಗೂ ಜಾಗ ಸಿಗುವುದಿಲ್ಲ. ಸತ್ತವರು ಒಂದು ಮೂಲೆಗೆ ಸೇರಬಾರದು, ಇಡೀ ಗುಡ್ಡಕ್ಕೆ ಸೇರಬೇಕು ಎಂಬುದು ಹಿರಿಯರ ಮಾತು. ನಾನು ಕಾನೂನು ಓದಿದವಳು. ಈ ಮಾತಿಗೆ ಅಲ್ಲಿ ಜಾಗವಿಲ್ಲ.

ನಮ್ಮ ವಕೀಲರು ನಮ್ಮಿಬ್ಬರನ್ನೂ ಹೊರಗೆ ಕರೆದರು.

"ಒಂದೇ ದಾರಿ ಉಳಿದಿರೋದು ತಂಗಿ. ನಿಮ್ಮ ಯಜಮಾನ್ರನ್ನ ಹೂಳಿದ್ದು ಹೋದ ವರ್ಷ. ಜಾಗ ಇನ್ನೂ ಗೊತ್ತಾಗುತ್ತೆ. ತೆಗೆಸಿ ತೋರಿಸಿದ್ರೆ ಯಾರೂ ಸೊಲ್ಲೆತ್ತೋ ಹಾಗಿಲ್ಲ. ನೀವು ಒಪ್ಪಬೇಕಷ್ಟೆ."

ನನ್ನ ಗಂಡನನ್ನು ಕೊಂದದ್ದು ಅದೇ ಕಂಪನಿಯ ಲಾರಿ. ಆ ಕೇಸು ಮುಚ್ಚಿಹೋಯಿತು. ಅಂದಿನಿಂದ ನನಗೆ ಅಳು ಬಂದಿಲ್ಲ.

"ಬದುಕಿದ್ದಾಗ ಬೆಳಿಗ್ಗೆ ಅವನನ್ನ ಎಬ್ಬಿಸೋಕೆ ಹೆತ್ತವಳ ಕೈಲೇ ಆಗ್ತಿರ್ಲಿಲ್ಲ," ಎಂದರು ಅತ್ತೆ. "ಈಗ ಇವರು ಎಬ್ಬಿಸ್ತಾರಂತೆ." ಆಮೇಲೆ ದನಿ ತಗ್ಗಿಸಿದರು. "ಗುಡ್ಡ ಉಳಿಯೋದಾದ್ರೆ ಹೂಂ ಅನ್ನು ಮಗಾ. ಅವನೇನೂ ಅಂದ್ಕೊಳ್ಳಲ್ಲ."

ಹೂಂ ಅನ್ನಲೆಂದೇ ಒಳಗೆ ಹೋಗಿ ನಿಂತೆ. ಅದಕ್ಕೂ ಮೊದಲು ಒಂದು ಪ್ರಶ್ನೆ ಕೇಳಿದೆ: "ತೋರಿಸಿದ್ರೆ ಗುಡ್ಡ ಬಿಡ್ತೀರಾ?"

ಉತ್ತರ ಕೊಟ್ಟದ್ದು ಕಂಪನಿಯ ವಕೀಲರು. "ಒಂದು ಹೆಣ ಸಿಕ್ಕರೆ ಒಂದು ಹೆಣ ಅಂತಾಗುತ್ತೆ. ಅಷ್ಟು ಜಾಗಕ್ಕೆ ಬೇಲಿ ಹಾಕಿಸಿಕೊಡೋಣ. ಸ್ಮಶಾನ ಅನ್ನಬೇಕಾದ್ರೆ ಉಳಿದವರನ್ನೂ ತೋರಿಸ್ಬೇಕಾಗುತ್ತೆ."

"ಅವರು ಹೇಳೋದ್ರಲ್ಲಿ ತಪ್ಪಿಲ್ಲಮ್ಮಾ," ಎಂದರು ಆಯುಕ್ತರು.

ನಮ್ಮ ವಕೀಲರ ಕಡೆ ನೋಡಿದೆ. ಅವರು ಫೈಲಿನ ಅಂಚು ಸರಿಮಾಡುತ್ತಿದ್ದರು. ಅವರಿಗೆ ಇದು ಮೊದಲೇ ಗೊತ್ತಿತ್ತು.

ಆ ಕೊಠಡಿಯ ಕಿಟಕಿಯಿಂದ ಪಟ್ಟಣದ ಸ್ಮಶಾನ ಕಾಣುತ್ತದೆ. ಸಾಲುಸಾಲು ಕಲ್ಲುಗಳು. ಅವುಗಳ ಕೆಳಗೆ ಯಾರಾದರೂ ಇದ್ದಾರೆಯೇ ಎಂದು ಯಾರೂ ಅಗೆದು ನೋಡಿಲ್ಲ.

"ಒಪ್ಪಿಗೆ ಇಲ್ಲ," ಎಂದೆ.

"ಕಾರಣ?"

"ಹೂಳಿದವರು ಹೊರಗೆ ನಿಂತಿದ್ದಾರೆ. ಎಲ್ಲರೂ ಹೆಗಲು ಕೊಟ್ಟವರೇ. ಅವರ ಬಾಯಿಮಾತು ನಿಮಗೆ ಸಾಕ್ಷಿ ಅಲ್ಲ, ನಮ್ಮ ಹೆಣ ಮಾತ್ರ ಸಾಕ್ಷಿ."

"ಭಾವನೆಗಳನ್ನೆಲ್ಲ ದಾಖಲೆ ಮಾಡೋಕಾಗಲ್ಲಮ್ಮಾ."

"ಬೇಡ. ಹೆಂಡತಿ ಒಪ್ಪಲಿಲ್ಲ ಅಂತ ಬರೆಸಿ. ಬಾಗಿಲಲ್ಲಿದ್ದ ಸಾಕ್ಷಿಗಳನ್ನ ನೀವು ವಿಚಾರಿಸಲಿಲ್ಲ ಅಂತಲೂ ಬರೆಸಿ. ಮೇಲಿನ ಕೋರ್ಟಿಗೆ ಬೇಕಾಗುತ್ತೆ."

ಬೆರಳಚ್ಚುಗಾರ ಆಯುಕ್ತರ ಮುಖ ನೋಡಿದ. ಅವರು ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸಿದರು. ನಾನು ಕೂರಲಿಲ್ಲ. ಕೊನೆಗೆ, "ಬರ್ಕೋ," ಎಂದರು. ಅದರ ಕೆಳಗೇ ಗುಡ್ಡ ಸ್ಮಶಾನವಲ್ಲ ಎಂದೂ ಬರೆಸಿದರು.

ಮೊಗಸಾಲೆಯಲ್ಲಿ ನಮ್ಮ ವಕೀಲರು ಸಿಡುಕಿದರು. "ಸಿಗೋ ಅಷ್ಟಾದ್ರೂ ಜಾಗ ಸಿಗ್ತಿತ್ತು. ಕೈಯಾರೆ ಕೆಡಿಸಿದ್ರಿ."

"ಲಾಯರಪ್ಪಾ," ಎಂದರು ಅತ್ತೆ, "ಮೊದಲು ನಿಮ್ಮಪ್ಪನ್ನ ಅಗೆಸಿ ತೋರ್ಸಿ. ಎಷ್ಟು ಜಾಗ ಸಾಕು ಅಂತ ಆಮೇಲೆ ಮಾತಾಡೋಣ."

ಅವರ ಮುಖ ಕೆಂಪಾಯಿತು. ನನಗೆ ಕನಿಕರ ಹುಟ್ಟಲಿಲ್ಲ.

ಹೊರಗಿದ್ದ ನಮ್ಮವರಿಗೆ ಹೇಳಬೇಕಾದದ್ದು ಹೆಚ್ಚಿರಲಿಲ್ಲ. ಹೇಳಿದೆ. ಅವರು ಬಸ್ಸಿನ ಕಡೆ ನಡೆದರು. ಅತ್ತೆ ಎಲ್ಲರಿಗಿಂತ ಮುಂದೆ.

"ಮೇಲ್ಮನವಿ ಇವತ್ತೇ ಹಾಕಿ," ಎಂದೆ ವಕೀಲರಿಗೆ. "ನಾವು ಗುಡ್ಡದ ಮೇಲೆ ಕೂತಿರ್ತೀವಿ. ಅಗೆಯೋದಾದ್ರೆ ಉಸಿರಾಡ್ತಿರೋರಿಂದಲೇ ಶುರು ಮಾಡ್ಲಿ."