ಬೆಕ್ಕು ಮಲಗುತ್ತಿದ್ದ ಮೋಟರು

ಈ ಕಥೆಯನ್ನು ಮೊದಲು ಹೇಳಿದವರು ಹಿಟ್ಟಿನ ಗಿರಣಿಯ ಒಡತಿಯ ನಾದಿನಿ. ಚಳಿಗಾಲದ ಒಂದು ಸಂಜೆ ಕರೆಂಟು ಹೋಗಿ ಗಿರಣಿಯ ಕಲ್ಲು ನಿಂತಿತ್ತು. ಗೋಧಿಯ ಡಬ್ಬಿಗಳನ್ನು ಸಾಲಾಗಿಟ್ಟು ಕಾಯುತ್ತಿದ್ದ ಹೆಂಗಸರಿಗೆ ಹೊತ್ತು ಹೋಗಲೆಂದು ಹೇಳಿದರು. ಕಥೆಯ ಬೆಕ್ಕು ಕಪ್ಪಗಿತ್ತೆಂದು ಆಮೇಲೆ ಕೆಲವರು ಹೇಳಿದ್ದುಂಟು. ನಾದಿನಿ ಬೂದು ಎಂದಿದ್ದರು. ಇಲ್ಲಿಯೂ ಬೂದೇ ಇದೆ.

ಗಿರಣಿಗೆ ಮೊದಲ ಮೋಟರು ತಂದವರು ನಾದಿನಿಯ ಅಣ್ಣ. ಗಾಡಿಯಿಂದ ಇಳಿಸುವಾಗ ಮದುಮಗಳನ್ನು ಇಳಿಸಿಕೊಂಡಷ್ಟು ಜೋಪಾನ ಮಾಡಿದ್ದರಂತೆ. ಕೆಲಸ ಮುಗಿದ ಮೇಲೆ ಅದರ ಬೆನ್ನಿನ ಮೇಲೆ ಅಂಗೈ ಇಟ್ಟು, "ಬಿಸಿ ಇದೆ, ಜೀವ ಇದೆ" ಎನ್ನುತ್ತಿದ್ದರು. ಚಳಿಯಲ್ಲಿ ಬಂದವರೂ ಅಲ್ಲೇ ಕೈ ಕಾಯಿಸಿಕೊಳ್ಳುತ್ತಿದ್ದರು. ಬೆಲ್ಟು ನಿಂತೊಡನೆ ಬೂದು ಬೆಕ್ಕು ಹತ್ತಿ ಮಲಗುತ್ತಿತ್ತು. ಅಣ್ಣ ತೀರಿಕೊಂಡ ಮೇಲೆ ಗಿರಣಿ ಅತ್ತಿಗೆಯ, ಅಂದರೆ ಈಗಿನ ಒಡತಿಯ, ಕೈಗೆ ಬಂತು. ಸಂಜೆ ಅಂಗೈ ಇಡುವುದನ್ನು ಅವರೂ ಬಿಡಲಿಲ್ಲ.

ಮೋಟರು ಸುಟ್ಟಾಗಲೆಲ್ಲ ಒಳಗಿನ ತಾಮ್ರದ ತಂತಿಯನ್ನು ಹೊಸದಾಗಿ ಸುತ್ತಿಕೊಡುತ್ತಿದ್ದವರನ್ನು ಎಲ್ಲರೂ ತಂತಿಯಣ್ಣ ಎನ್ನುತ್ತಿದ್ದರು. ಒಂದು ವರ್ಷ ಮೋಟರು ಮತ್ತೆ ಸುಟ್ಟಿತು. ಅಷ್ಟರಲ್ಲಿ ಕರೆಂಟಿನ ಬಿಲ್ಲು ಗಿರಣಿಯ ಆದಾಯವನ್ನೇ ನುಂಗತೊಡಗಿತ್ತು. ಬಾಗಿಲು ಹಾಕುವ ಮಾತೂ ಮನೆಯಲ್ಲಿ ಬಂದಿತ್ತು.

"ಅಕ್ಕಾ, ಈ ಸಲ ನಾನು ಸುತ್ತಲ್ಲ" ಎಂದರು ತಂತಿಯಣ್ಣ.

"ಯಾಕಪ್ಪ, ಕೈ ನಡುಗುತ್ತಾ?"

"ಕೈ ಗಟ್ಟಿಯಾಗಿದೆ. ಮೋಟರು ಹಳೇದು, ಎಷ್ಟು ಸಲ ಸುಟ್ಟು ಸುತ್ತಿಸಿಕೊಂಡಿದೆ! ಹೊಸತರಲ್ಲಿ ಕುಡೀತಿದ್ದಕ್ಕಿಂತ ಜಾಸ್ತಿ ಕರೆಂಟು ಕುಡೀತಿದೆ."

"ನಿಮ್ಮ ಭಾವ ಏನು ಹೇಳ್ತಿದ್ರು ಮರೆತ್ಯಾ? ಬಿಸಿ ಇದ್ರೆ ಜೀವ ಇದೆ."

"ಭಾವನ ಕಾಲಕ್ಕೆ ಸಿಗ್ತಿದ್ದಿದ್ದೇ ಅಂಥದ್ದು. ಆದ್ರೆ ಆ ಬಿಸಿ ಎಲ್ಲಿಂದ ಬಂತು ಹೇಳು? ಕಲ್ಲು ತಿರುಗಿಸಬೇಕಾದ ಕರೆಂಟು ದಾರೀಲೇ ಸೋರಿ ಬಿಸಿಯಾಗ್ತಿದೆ."

"ಮಹಾ ಎಷ್ಟು ಸೋರುತ್ತೆ?"

"ಒಂದು ಡಬ್ಬಿ ಹಿಟ್ಟಿಗೆ ಸ್ವಲ್ಪವೇ. ಚೀಲದ ತೂತೂ ಸಣ್ಣದೇ ಇರುತ್ತೆ. ಹಾಗಂತ ಬಿಡ್ತೀಯಾ?"

ಅತ್ತಿಗೆಯ ಕೈಯಲ್ಲಿ ಪೊರಕೆಯಿತ್ತು. ಕಲ್ಲಿನ ಅಂಚಿಗೆ ಮೆತ್ತಿದ ಹಿಟ್ಟನ್ನೂ ಗುಡಿಸಿ ಅವರವರ ಡಬ್ಬಿಗೇ ಹಾಕುವುದು ಅವರ ಪದ್ಧತಿ.

"ನೋಡ್ರಮ್ಮ, ಚಿಟಿಕೆ ಹಿಟ್ಟು ಬಿಡದವಳು ಕರೆಂಟನ್ನ ಬೆಕ್ಕಿಗೆ ಹಾಸಿಗೆ ಮಾಡಿಕೊಟ್ಟಿದ್ದಾಳೆ!" ಎಂದರು ತಂತಿಯಣ್ಣ, ಡಬ್ಬಿ ಹಿಡಿದು ಬಂದಿದ್ದ ಹೆಂಗಸರತ್ತ ತಿರುಗಿ.

ಅವರೆಲ್ಲ ನಕ್ಕರು. ಅತ್ತಿಗೆ ನಗಲಿಲ್ಲ. "ಅವರು ಮುಟ್ಟಿದ ಮೋಟರು ಕಣೋ" ಎಂದರು.

ತಂತಿಯಣ್ಣ ದನಿ ತಗ್ಗಿಸಿದರು. "ಗಿರಣಿಯೂ ಅವರದೇ ಅಲ್ವಾ ಅಕ್ಕಾ? ಯಾವುದು ಉಳೀಬೇಕು, ನೀನೇ ಹೇಳು."

ಪೊರಕೆ ಗೋಡೆಗೆ ಒರಗಿತು. "ಹೊಸದಕ್ಕೆ ಬೆಲೆ ಜಾಸ್ತಿಯಂತಲ್ಲೋ."

"ಮೋಟರಿಗೆ ಕೊಡೋದು ಒಂದೇ ಸಲ, ಕರೆಂಟಿಗೆ ದಿನಾ. ಮೈಮೇಲಿನ ಫಲಕ ನೋಡಿ ತಗೋ. ಐಇ ಅಂತ ಬರೆದು ಪಕ್ಕದಲ್ಲಿ ಒಂದು ಅಂಕಿ ಇರುತ್ತೆ. ಅಂಕಿ ದೊಡ್ಡದಾದಷ್ಟೂ ಪೋಲು ಕಮ್ಮಿ. ಕಲ್ಲಿಗೆ ಬೇಕಾದಷ್ಟೇ ಶಕ್ತಿಯದು ಸಾಕು. ದೊಡ್ಡದೇ ಇರಲಿ ಅಂತ ಆಸೆಪಟ್ಟರೆ ಅದೂ ದಂಡವೇ."

ಹೊಸ ಮೋಟರು ಬಂತು. ಮೊದಲ ಸಂಜೆ ಅಂಗೈ ಇಟ್ಟರೆ ಮೊದಲಿನಷ್ಟು ಬಿಸಿ ಇರಲಿಲ್ಲ. ಅತ್ತಿಗೆ, "ಇದೇನು, ದುಡಿದಿದ್ದೋ ಇಲ್ವೋ!" ಎಂದು ಗೊಣಗಿದರು. ತಿಂಗಳ ಬಿಲ್ಲು ಇಳಿದು ಬಂದಾಗ ಬಾಗಿಲು ಹಾಕುವ ಮಾತು ನಿಂತಿತು. ಹಳೆಯದನ್ನು ಮಾರಿದರೆ ಬೇರೆಯವರ ಕರೆಂಟನ್ನೂ ಕುಡಿಯುತ್ತದೆಂದು ಮಾರಲಿಲ್ಲ. ಒಡೆದು ತಾಮ್ರ ತೆಗೆಯಲು ಗುಜರಿಗೆ ಕೊಟ್ಟರು. ಅದರ ಬೆಲ್ಟು ತೊಡಿಸುವ ಗಾಲಿಯನ್ನು ಮಾತ್ರ ಉಳಿಸಿಕೊಂಡು ಬಾಗಿಲಿಗೆ ಆನಿಸಿಟ್ಟರು.

ಬೆಕ್ಕು ಕೆಲವು ದಿನ ಮುನಿಸಿಕೊಂಡು ತಿರುಗಿತು. ಆಮೇಲೆ ಆಗಷ್ಟೇ ಬೀಸಿದ ಹಿಟ್ಟಿನ ಡಬ್ಬಿಗೆ ಒರಗಿ ಮಲಗತೊಡಗಿತು. ಅದನ್ನು ಎಬ್ಬಿಸಲು ಹೋದ ಅತ್ತಿಗೆ ಡಬ್ಬಿಯ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು. ತುಂಬ ಹೊತ್ತು ಕೈ ತೆಗೆಯಲಿಲ್ಲ.

ಇಷ್ಟು ಹೇಳಿ ನಾದಿನಿ ಸೇರಿದವರತ್ತ ತಿರುಗಿದರು. "ನಿಮ್ಮ ಮನೆಯವರು ಎಲ್ಲೆಲ್ಲೋ ದುಡೀತಾರೆ. ಮಗ್ಗ ಇರಲಿ, ಮರ ಕೊಯ್ಯೋ ಯಂತ್ರ ಇರಲಿ, ನೀರೆತ್ತೋ ಪಂಪಿರಲಿ, ಮೋಟರು ಸುಟ್ಟಾಗ 'ಸುತ್ತಿಸಿಬಿಡೋಣ' ಅನ್ನೋ ಮೊದಲು ಒಮ್ಮೆ ವಿಚಾರಿಸಿ ಅಂತ ಹೇಳಿ. ಹೊಸದು ತರೋವಾಗ ಬೆಲೆ ಕೇಳೋಕೆ ಮುಂಚೆ ಫಲಕ ಓದಿ. ಹಳೇ ನೆನಪನ್ನ ಇಟ್ಟುಕೊಳ್ಳಿ, ಬೇಡ ಅನ್ನಲ್ಲ. ಅದರ ಬಿಲ್ಲು ಮಾತ್ರ ಕಟ್ಟಬೇಡಿ."

ಅಷ್ಟರಲ್ಲಿ ಕರೆಂಟು ಬಂತು, ಕಲ್ಲು ತಿರುಗಿತು. ಹೆಂಗಸರು ಸರದಿಯಂತೆ ಹಿಟ್ಟು ಬೀಸಿಸಿಕೊಂಡು, ಬೆಚ್ಚನೆಯ ಡಬ್ಬಿಗಳನ್ನು ಎದೆಗವಚಿ, ಬಾಗಿಲ ಬಳಿಯ ಹಳೆಯ ಗಾಲಿಯನ್ನು ದಾಟಿ ಮನೆಗೆ ಹೋದರು.